ಅಕ್ಕನ ಬಯಕೆಯ ಮಾವಿನ ಕ್ರಿಸ್ಪ್

ಬಸುರಿಯ ಬಯಕೆ ಎಂದರೆ ಹುಣಸೆಕಾಯಿ, ಹೆಚ್ಚೆಂದರೆ ಮಿರ್ಚಿಭಜಿ ಅಂದುಕೊಂಡಿದ್ದೆವು. ಹಿರೇಕೆರೂರಿನಿಂದ ಹಾನಗಲ್ಲಿನ ತವರಿಗೆ ಬಂದ ಅಕ್ಕ ಮೊಬೈಲಿನಲ್ಲಿ ಯಾರೋ ಓವನ್ನಿನಿಂದ ಹೊರತೆಗೆದ, ಮೇಲೆ ಗರಿಗರಿ ಪುಡಿ ಹರಡಿದ ಹಣ್ಣಿನ ಸಿಹಿ, ಅಂದರೆ ಕ್ರಿಸ್ಪ್, ನೋಡಿ, "ನನಗ ಇದ ಬೇಕು ನೋಡ್ರಿ" ಎಂದುಬಿಟ್ಟಳು. ಆಗ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ತಿಂದದ್ದೆಲ್ಲ ವಾಂತಿ. ಏನೂ ನಿಲ್ಲುತ್ತಿರಲಿಲ್ಲ ಎಂದೇನಲ್ಲ, ಚಹಾ ನಿಲ್ಲುತ್ತಿತ್ತು ಎಂದು ಅವಳು ಈಗ ವಾದಿಸುತ್ತಾಳೆ. ನನ್ನ ನೆನಪಿಗೆ ಹಿಗ್ಗಿಸುವ ಚಾಳಿ ಇದೆ, ಒಪ್ಪಿದೆ.

"ಬಸರಿ ಕೇಳಿದ್ದಕ್ಕ ಇಲ್ಲ ಅನಬಾರದು," ಎಂದಳು ಅವ್ವ. "ತತ್ತಿ ಹಾಕ್ತಾರೇನು ಅದಕ್ಕ?"

"ಇಲ್ಲ ಬೇ," ಎಂದೆ.

"ಹಂಗಾರ ಮಾಡೂಣು."

ಆಪೂಸ್ ಹಣ್ಣು ಬುಟ್ಟಿ ತುಂಬ ಇತ್ತು. ವಿಡಿಯೋದಲ್ಲಿದ್ದ ಓಟ್ಸ್ ಬದಲು ತೆಳು ಅವಲಕ್ಕಿ, ಓವನ್ ಬದಲು ತಳಕ್ಕೆ ಉಪ್ಪು ಹಾಸಿ ಒಳಗೆ ಪಾತ್ರೆ ಇಟ್ಟ ಕುಕ್ಕರು. ಹಣ್ಣಿನ ಮೇಲೆ ಹರಡಲು ಹಿಟ್ಟು, ಬೆಣ್ಣೆ, ಬೆಲ್ಲ, ಅವಲಕ್ಕಿಯನ್ನು ಬೆರಳ ತುದಿಯಲ್ಲಿ ಉದುರುದುರಾಗಿ ಬೆರೆಸಬೇಕು, ಅಷ್ಟೇ. ಅದನ್ನು ಅವ್ವನಿಗೆ ಒಪ್ಪಿಸಿದೆ. ಜೀವನವಿಡೀ ರೊಟ್ಟಿ ಬಡಿದ ಕೈ. ನಾನು ಹಣ್ಣು ಹೆಚ್ಚಿ ತಿರುಗುವಷ್ಟರಲ್ಲಿ ಪರಾತದಲ್ಲಿ ನುಣ್ಣನೆಯ ಉಂಡೆ!

"ಅವ್ವಾ, ನಾದಬ್ಯಾಡ!"

"ನಾದಿಲ್ಲ. ಬರೇ ಕೂಡಿಸೇನಿ."

ಒಡೆದು ಪುಡಿ ಮಾಡಿಕೊಟ್ಟೆ. ಕುಕ್ಕರಿನ ಸೀಟಿ, ರಬ್ಬರು ತೆಗೆದು ಬಂದರೆ ಮತ್ತೆ ಉಂಡೆ. ಅವ್ವ ತನ್ನ ಕೈಗಳನ್ನೇ ದುರುಗುಟ್ಟಿ ನೋಡುತ್ತಿದ್ದಳು: "ನನ್ನ ಮಾತು ಕೇಳಾಕ ತಯಾರಿಲ್ಲ ಇವು."

"ಎರಡೂ ಕೈ ಹಿಂದ ಕಟ್ಟಿಕೊಂಡು ನಿಂದ್ರು ಬೇ," ಎಂದು ಅಕ್ಕ ಗೋಡೆಗೊರಗಿ ನಕ್ಕಳು. ಎಷ್ಟು ದಿನದ ಮೇಲೆ ನಕ್ಕಿದ್ದಳೋ. ನನಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

ಕೊನೆಗೆ ಉಂಡೆಯನ್ನು ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಒಣಕೊಬ್ಬರಿಯಂತೆ ಹಣ್ಣಿನ ಮೇಲೆ ತುರಿದೆವು. ಉಪಾಯ ನನ್ನದೆಂದು ನನ್ನ ನೆನಪು, ಅಕ್ಕನ ನೆನಪಿನಲ್ಲಿ ಅವಳದು. ಅವ್ವ ಯಾರ ಪರವೂ ಇಲ್ಲ.

ಅಂಚಿನಲ್ಲಿ ಕೆಂಪಗೆ, ನಡುವೆ ಬಿಳಿಚಿಕೊಂಡು, ಕುಕ್ಕರಿನಿಂದ ಅದು ಹೊರಬಂತು. ವಿಡಿಯೋದಲ್ಲಿದ್ದಂತೆ ಖಂಡಿತ ಇರಲಿಲ್ಲ. ಅಕ್ಕ ಒಂದು ಚಮಚ ತಿಂದಳು. ಇನ್ನೊಂದು. ತಟ್ಟೆ ಖಾಲಿಯಾಯಿತು. ಇದೂ ವಾಂತಿಯಾಗುತ್ತದೇನೋ ಎಂದು ನಾನೂ ಅವ್ವನೂ ಅವಳ ಮುಖವನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಅವಳು ದಡಕ್ಕನೆ ಎದ್ದಳು. ಅಕ್ಕನಿಗೆ ಬಾಯಿ ಮುಕ್ಕಳಿಸಲೆಂದು ಅವ್ವ ನೀರಿನ ತಂಬಿಗೆ ಹಿಡಿದು ಬಚ್ಚಲಿನತ್ತ ಓಡಿ ಬಾಗಿಲು ತೆರೆದು ನಿಂತಳು.

ಅಕ್ಕ ಹೋದದ್ದು ಒಲೆಯ ಕಡೆಗೆ.

"ಅಲ್ಯಾಕ ನಿಂತಿ ಬೇ? ಪಾತ್ರಿ ತಳಕ್ಕ ಹತ್ತಿದ್ದು ಕೆರಕೊಳ್ಳಾಕ ಎದ್ದೇನಿ."

ಅವ್ವ ನಕ್ಕ ನಗುವಿಗೆ ತಂಬಿಗೆಯ ನೀರೆಲ್ಲ ಅವಳ ಸೀರೆಯ ಮೇಲೇ ಚೆಲ್ಲಿತು.