ಹಡಗಿನಲ್ಲಿ ಹಾಸಿಗೆ ಹಾಸಿದ ಕೋಗಳಿಯ ಹುಲುಗಮ್ಮ

ಕೊಟ್ಟೂರಿನ ಕಲ್ಯಾಣ ಮಂಟಪವೊಂದರ ಮಹಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಿನ್ನೆಯ ಮದುವೆಯವರು ಖಾಲಿ ಮಾಡಿಕೊಂಡು ಹೋಗಿದ್ದಾರೆ. ಇವತ್ತಿನ ಮದುವೆಯ ಗಂಡಿನ ಕಡೆಯವರು ಹರಪನಹಳ್ಳಿ ಬಿಟ್ಟಿದ್ದಾರಂತೆ. ನಡುವೆ ಸಿಕ್ಕಿರುವ ಇಷ್ಟು ಹೊತ್ತಿನಲ್ಲಿ ಹುಲುಗಮ್ಮ ಬೀಗರ ರೂಮುಗಳನ್ನು ಮನುಷ್ಯರು ಕಾಲಿಡುವ ಹಾಗೆ ಮಾಡಬೇಕು. ಗೋಡೆ ಮೂಲೆಗೆ ಗುಟ್ಕಾ ಉಗಿದಿದ್ದಾರೆ. ಬಚ್ಚಲಿನ ಜಾಲರಿಗೆ ಮಲ್ಲಿಗೆ ಹೂವು, ಕೂದಲು, ಶಾಂಪೂ ಪಾಕೀಟು ಸಿಕ್ಕಿಕೊಂಡಿವೆ. ಗಾದಿಯ ಮೇಲೆಯೇ ಕೂತು ತಿಂದ ಒಗ್ಗರಣೆ ಮಂಡಕ್ಕಿ ಅಲ್ಲಲ್ಲೇ ಅಂಟಿದೆ. ಇಷ್ಟು ಓದಿದ, ಇಷ್ಟು ಇಸ್ತ್ರಿ ಬಟ್ಟೆ ತೊಟ್ಟ ಜನ ಒಂದು ರಾತ್ರಿಯಲ್ಲಿ ಒಂದು ಖೋಲಿಯನ್ನು ಹೀಗೆ ಮಾಡಿ ಹೋಗುವುದಕ್ಕೆ ಯಾವ ಮನೆಯಲ್ಲಿ ಕಲಿತಿರುತ್ತಾರೋ ದೇವರೇ ಬಲ್ಲ.

ಹುಲುಗಮ್ಮ ಬೈಯುವುದಿಲ್ಲ. ಮೊದಲು ಕಿಟಕಿ ತೆಗೆಯುತ್ತಾಳೆ, ಬಚ್ಚಲಿಗೆ ಪುಡಿ ಚೆಲ್ಲಿ ನೆನೆಯಲು ಬಿಡುತ್ತಾಳೆ, ಆಮೇಲೆ ಚಾದರಕ್ಕೆ ಕೈ ಹಚ್ಚುತ್ತಾಳೆ. ಒಂದೇ ಕೊಡವುವಿಕೆಗೆ ಚಾದರ ಗಾದಿಯ ಮೇಲೆ ಬಿಚ್ಚಿಕೊಳ್ಳುತ್ತದೆ. ನಾಲ್ಕೂ ಮೂಲೆಯನ್ನು ಮಡಚಿ ಗಾದಿಯ ಕೆಳಗೆ ಸಿಕ್ಕಿಸಿದರೆ ಮುಗಿಯಿತು, ಒಂದು ಸುಕ್ಕಿಲ್ಲ. ಮಂಟಪದ ಮ್ಯಾನೇಜರ್ ಸೋಮಪ್ಪ ಬಾಗಿಲಲ್ಲಿ ನಿಂತು, "ಹಡಗಿನ ಕೆಲಸ ಇಲ್ಲೂ ಬಿಡವಲ್ಲಿ ನೋಡು ನೀನು. ಯಾರ್ ನೋಡ್ತಾರ ಮೂಲಿನ?" ಎಂದು ನಗುತ್ತಾರೆ. "ಮಲಗೋರು ನೋಡ್ತಾರ್ರಿ," ಎನ್ನುತ್ತಾಳೆ ಆಕೆ, ತಲೆ ಎತ್ತದೆ.

ಹೌದು, ಹಡಗಿನ ಕೆಲಸ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಈ ಹೆಂಗಸು ನಾಲ್ಕು ವರ್ಷ ಸಮುದ್ರದ ಮೇಲೆ ಇದ್ದು ಬಂದವಳು. ಊರಿನಷ್ಟು ದೊಡ್ಡ ವಿಹಾರದ ಹಡಗು. ಅದರೊಳಗೆ ಸಾವಿರಾರು ಪ್ರವಾಸಿಗಳು. ಅವರ ರೂಮು ಗುಡಿಸಿ, ಒರೆಸಿ, ಹಾಸಿಗೆ ಹಾಸುವ ಕೆಲಸ ಆಕೆಯದು. ರಜೆಗೆಂದು ಬಂದವಳನ್ನು ಕಂಪನಿ ಮತ್ತೆ ಕರೆಯಬೇಕಿತ್ತು. ಕರೆದಿಲ್ಲ. ಬೇಸಿಗೆ ಕಳೆದು ಮಳೆಗಾಲ ಬಂದರೂ ಫೋನು ಸುಮ್ಮನಿದೆ. ಯಾಕೆಂದರೆ ಯಾರೋ ಪುಣ್ಯಾತ್ಮರು ಆಕೆಯ ಹೆಸರಿಗೆ ಒಂದು ಸುಳ್ಳನ್ನು ಹಚ್ಚಿ ಹೋಗಿದ್ದಾರೆ. ಕಂಪನಿಯ ಹೆಸರು ಬರೆಯಬೇಡಿ ಎಂದು ಹುಲುಗಮ್ಮ ಕೈ ಮುಗಿದು ಕೇಳಿದ್ದಾಳೆ. ಕರೆದಾರು ಎನ್ನುವ ಆಸೆ ಇನ್ನೂ ಹೋಗಿಲ್ಲ.

ತಾಯಿ ಜಂಬಕ್ಕ ಇಂಥವೇ ಮಂಟಪಗಳ ಹಿಂದೆ ಕೂತು ಪಾತ್ರೆ ತಿಕ್ಕಿದವರು. ಮಗಳನ್ನು ಕೊಟ್ಟೂರಿನ ಕಾಲೇಜಿನಲ್ಲಿ ಪಿಯುಸಿ ಓದಿಸಿದರು. ಹುಲುಗಮ್ಮ ಹೊಸಪೇಟೆ ಕಡೆಯ ದೊಡ್ಡ ಹೋಟೆಲೊಂದರಲ್ಲಿ ರೂಮಿನ ಕೆಲಸಕ್ಕೆ ಸೇರಿ, ಅಲ್ಲಿಯೇ ಇಂಗ್ಲಿಷು ಕಲಿತು, ಮುಂಬೈಯ ಏಜೆಂಟರ ಮೂಲಕ ಹಡಗು ಹತ್ತಿದಳು. ಗಂಡ ಮೌನೇಶ್ ಜೆಸಿಬಿ ಓಡಿಸುತ್ತಾನೆ. ಹೆಂಡತಿಯನ್ನು ಒಬ್ಬಳನ್ನೇ ಸಮುದ್ರಕ್ಕೆ ಕಳಿಸಿದವನು ಎಂದು ಕಟ್ಟೆಯ ಮೇಲೆ ಕೂತವರೆಲ್ಲ ಅವನಿಗೆ ಬುದ್ಧಿ ಹೇಳಿದವರೇ. ಹಡಗಿನಾಗ ಏನು ಕೆಲಸವೋ ಏನೋ ಎಂದು ಕಣ್ಣು ಮಿಟುಕಿಸಿದವರೂ ಇದ್ದಾರೆ. ಆಕೆ ಕಳಿಸಿದ ದುಡ್ಡಿನಲ್ಲಿ ಮನೆಗೆ ತಾರಸಿ ಬಿದ್ದ ದಿನ ಅದೇ ಬಾಯಿಗಳು ಬಂದು ಹೋಳಿಗೆ ಉಂಡು ಹೋದವು.

"ಬೆಳಗ್ಗಿ ಎದ್ರ ರಾತ್ರಿ ಮಲಗೂತನಕ ಕಾಲ ಮ್ಯಾಲೇ ಇರಬೇಕ್ರಿ," ಎಂದು ಹುಲುಗಮ್ಮ ಹಡಗಿನ ದಿನವನ್ನು ಬಿಡಿಸಿ ಹೇಳುತ್ತಾಳೆ. "ಹದಿನೈದು, ಹದಿನಾರು ರೂಮು. ದಿನಕ್ಕ ಎರಡು ಸರ್ತಿ. ಐತವಾರ ಇಲ್ಲ, ಹಬ್ಬ ಇಲ್ಲ. ಎಂಟು ತಿಂಗಳು ಒಂದಿನಾ ರಜಾ ಅನ್ನಂಗಿಲ್ಲ. ಹಡಗು ಹೊಯ್ದಾಡಿದ ದಿನ ಜನ ಎಲ್ಲಿ ಬೇಕಲ್ಲಿ ವಾಂತಿ ಮಾಡ್ಕಂತಾರ. ನಮಗೂ ತಲಿ ತಿರುಗ್ತಿರತೈತಿ, ಆದ್ರ ಒರಸೋರು ನಾವಽ ಅಲ್ರಿ?"

ಇಷ್ಟಕ್ಕೆ ಕಂಪನಿ ಕೊಡುವ ಸಂಬಳ ಅಷ್ಟಕ್ಕಷ್ಟೇ. ಉಳಿದದ್ದು ಟಿಪ್ಸ್, ನಮ್ಮ ಕಡೆಯ ಮಾತಿನಲ್ಲಿ 'ಖುಷಿ'. ಹಡಗಿನಲ್ಲಿ ಅದಕ್ಕೊಂದು ಪದ್ಧತಿ ಇದೆ. ಪ್ರತಿ ಪ್ರವಾಸಿಯ ಲೆಕ್ಕಕ್ಕೆ ದಿನಕ್ಕಿಷ್ಟು ಎಂದು ಸೇರಿಕೊಳ್ಳುತ್ತಾ ಹೋಗುತ್ತದೆ, ಕೊನೆಗೆ ಅದು ಹಾಸಿಗೆ ಹಾಸಿದವರಿಗೆ, ಊಟ ಬಡಿಸಿದವರಿಗೆ ಹಂಚಿಹೋಗುತ್ತದೆ. ಟಿಕೆಟ್ ಕೊಳ್ಳುವಾಗಲೇ ಇದನ್ನು ಹೇಳಿರುತ್ತಾರೆ. ಆದರೆ ಬೇಡವೆಂದರೆ ತೆಗೆಸಿಕೊಳ್ಳಲೂಬಹುದು. ಹಾಗೆ ತೆಗೆಸಬೇಕಾದರೆ ಆಕೆಯ ಹಡಗಿನಲ್ಲಿ ಕಾರಣ ಹೇಳಬೇಕು. ಕೊಡಲು ಮನಸ್ಸಿಲ್ಲ ಎನ್ನುವ ಕಾರಣ ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಪ್ರವಾಸದ ಕೊನೆಯ ರಾತ್ರಿ ಕೌಂಟರಿನ ಮುಂದೆ ಸಾಲು ನಿಂತು, ರೂಮು ಹೊಲಸಿತ್ತು, ಚಾದರ ಬದಲಿಸಲಿಲ್ಲ, ಬಚ್ಚಲು ನಾರುತ್ತಿತ್ತು ಎನ್ನುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಹಳೆಯದು. ಇವರು ಹಂಗು ಹರಿದುಕೊಂಡು ಸುಮ್ಮನೆ ಹೋಗುವುದಿಲ್ಲ, ಅಂಬಿಗನ ದೋಣಿಗೂ ತೂತು ಹಾಕಿ ಹೋಗುತ್ತಾರೆ.

ಮೊದಮೊದಲು ಟಿಪ್ಸ್ ಇಸಿದುಕೊಳ್ಳುವುದೇ ಆಕೆಗೆ ಗೊತ್ತಿರಲಿಲ್ಲ. ಮೊದಲ ಪ್ರವಾಸದಲ್ಲೇ ಒಬ್ಬ ಬಿಳಿ ಅಜ್ಜಿ ಇಳಿಯುವ ಮುನ್ನ ಕೈಯಲ್ಲಿ ಲಕೋಟೆ ಹಿಡಿದು ಬಂದಳು. ಕೋಗಳಿಯಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಒಂದೇ ಮಾತಿಗೆ ಕೈ ಚಾಚುವುದುಂಟೆ? ಬ್ಯಾಡ ಎನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬ್ಯಾಡ ಎನ್ನಬೇಕು, ಅವರು ಆಣೆ ಇಟ್ಟು ಸೆರಗಿಗೆ ತುರುಕಬೇಕು. ಹುಲುಗಮ್ಮನೂ ಮರ್ಯಾದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ಬೇಡವೆಂದಳು. ಅಜ್ಜಿ ಮುಖ ಸಣ್ಣದು ಮಾಡಿಕೊಂಡು, ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ಕೈ ಬೀಸಿ ಹೋಗಿಯೇಬಿಟ್ಟಳು. "ಇನ್ನೊಂದ್ಸಲ ಕರೀತಾಳ ಕರೀತಾಳ ಅಂತ ಲಿಫ್ಟಿನತನಕ ಹಿಂದ ಹ್ವಾದೆ ನೋಡ್ರಿ," ಎಂದು ಹೇಳುವಾಗ ಆಕೆಗೆ ಈಗಲೂ ನಗು ತಡೆಯುವುದಿಲ್ಲ. "ಅವತ್ತಿಂದ ಯಾರ್ ಕೊಟ್ರೂ ಒಂದಽ ಸರ್ತಿಗೆ ತಗಂತೀನಿ. ದುಡದೀನಿ, ತಗಂತೀನಿ. ನಾಚಿಗಿ ಯಾತಕ್ಕ?"

ಕೊಡುವವರ ನಾಚಿಕೆಗೇಡಿತನದ ಕಥೆ ಬೇರೆ. ತಿಂದು ಉಳಿದ ಅರ್ಧ ಪಾಕೀಟು ಚೂಡಾವನ್ನು ದೊಡ್ಡ ಮನಸ್ಸಿನಿಂದ ಮೇಜಿನ ಮೇಲಿಟ್ಟು ಹೋಗುವವರಿದ್ದಾರೆ. ಯಾವ ದೇಶದಲ್ಲೂ ಚಲಾವಣೆ ಇಲ್ಲದ ಚಿಲ್ಲರೆ ಬಿಟ್ಟು ಹೋಗುವವರಿದ್ದಾರೆ. ದಿಂಬಿನ ಕೆಳಗೆ ನೋಟು ಇಟ್ಟು, ಇದು ನಿನಗೆ ಎಂದು ಒಂದು ಸಾಲು ಬರೆಯದೆ ಹೋಗುವವರು ಒಳ್ಳೆಯವರೇ, ಆದರೆ ಬರಹವಿಲ್ಲದ ನೋಟನ್ನು ಕೆಲಸದವರು ಮುಟ್ಟುವಂತಿಲ್ಲ. ಅದು ಕಳೆದುಹೋದ ವಸ್ತುಗಳ ಪೆಟ್ಟಿಗೆ ಸೇರಬೇಕು. ಕೊಡುವುದಕ್ಕೂ ಒಂದು ರೀತಿ ಇದೆ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಆದ್ದರಿಂದ ಅಲ್ಲಿ ಕೈ ಬಿಚ್ಚುತ್ತೇವೆ. ಎಲೆ ಎತ್ತಿದವಳಿಗೆ ಕೊಟ್ಟದ್ದನ್ನು ಯಾರು ಕೂಗುತ್ತಾರೆ?

ಹೋದ ಪ್ರವಾಸದ ಸೀಸನ್ನಿನ ಕೊನೆಯಲ್ಲಿ ಹುಲುಗಮ್ಮನ ಪಾಲಿನ ರೂಮುಗಳ ಪೈಕಿ ಮೂರರಲ್ಲಿ ಕನ್ನಡದವರೇ ಇದ್ದರು. ಅಜ್ಜ, ಅಜ್ಜಿ, ಮಗ, ಸೊಸೆ, ಬೀಗರು, ಮಕ್ಕಳು. ಕಾರಿಡಾರಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ಆಕೆಗೆ ಜೀವ ಹಿಗ್ಗಿಹೋಯಿತು. ಅಜ್ಜನಿಗೆ ಎದ್ದ ಕೂಡಲೇ ಬಿಸಿನೀರು ಬೇಕಿತ್ತು, ಆಕೆ ತನ್ನ ನಿದ್ದೆ ಮುರಿದು ಫ್ಲಾಸ್ಕು ತುಂಬಿಸಿಟ್ಟಳು. ಅಜ್ಜಿಗೆ ಮೊಣಕಾಲು ನೋವು, ಬಚ್ಚಲಲ್ಲಿ ಕೂರಲು ಸ್ಟೂಲು ಹುಡುಕಿ ತಂದಳು. ಮಕ್ಕಳಿಗೆ ಟವೆಲ್ಲಿನಲ್ಲಿ ಆನೆ, ಬಾತುಕೋಳಿ ಮಾಡಿಟ್ಟಳು. ಇಳಿಯುವ ದಿನ ಎಲ್ಲರೂ ಆಕೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಸೊಸೆ ತಬ್ಬಿಕೊಂಡು, ನೀವು ನಮ್ಮ ಮನೆಯವರ ಹಾಗೆ ಎಂದಳು.

ಅದೇ ಸಂಜೆ ಮೇಲ್ವಿಚಾರಕ ಆಕೆಯನ್ನು ಕರೆಸಿದ. ಮೂರೂ ರೂಮಿನವರು ಟಿಪ್ಸ್ ತೆಗೆಸಿದ್ದರು. ಬಚ್ಚಲು ಒಂದು ದಿನವೂ ತೊಳೆದಿಲ್ಲ, ಹಾಸಿಗೆ ನಾರುತ್ತಿತ್ತು, ಕೆಲಸದವಳು ಕರೆದರೆ ಬರುತ್ತಿರಲಿಲ್ಲ ಎಂದು ಹೇಳಿ ಹೋಗಿದ್ದರು. ಉಂಡ ಮನೆಯ ಗಳ ಎಣಿಸುವವರನ್ನು ಕಂಡಿದ್ದೇವೆ. ಇವರು ಗಳವನ್ನೇ ಕಿತ್ತುಕೊಂಡು ಹೋದವರು. ಹುಲುಗಮ್ಮ ಫೋಟೊ ತೋರಿಸಿದಳು, ಅತ್ತಳು, ಕಾಲು ಹಿಡಿಯುವುದೊಂದು ಬಾಕಿ. ಮೇಲ್ವಿಚಾರಕನಿಗೂ ಗೊತ್ತಿತ್ತು ಅದು ಸುಳ್ಳೆಂದು. ಆದರೆ ಮೂರು ರೂಮಿನವರು ಒಂದೇ ಮಾತು ಹೇಳಿದರೆ ಕಂಪನಿ ಯಾರನ್ನು ನಂಬುತ್ತದೆ? ಆಕೆಯ ಅವಧಿ ಮುಗಿದಾಗ ಮುಂದಿನದಕ್ಕೆ ತಿಳಿಸುತ್ತೇವೆ ಎಂದು ಕಳಿಸಿದರು. "ಬ್ಯಾರೆ ಯಾರರ ಅಂದಿದ್ರ ಇಷ್ಟು ಹತ್ತುತಿದ್ದಿಲ್ರಿ," ಎನ್ನುತ್ತಾಳೆ. "ನನ್ನ ಮಾತಿನಾಗಽ ನನ್ನ ಜೋಡಿ ಮಾತಾಡಿದೋರು ಅವ್ರು."

ಊರಿಗೆ ಬಂದ ಮೇಲೆ ಏಜೆಂಟರಿಗೆ ಫೋನು ಮಾಡಿ ಮಾಡಿ ಸಾಕಾಗಿದೆ. ಮಗಳು ಹತ್ತನೇ ಇಯತ್ತೆ, ಜಂಬಕ್ಕನಿಗೆ ಈಗ ಕೂತು ಏಳಲಾಗುವುದಿಲ್ಲ. ಸುಮ್ಮನೆ ಕೂತು ಉಣ್ಣುವ ಜಾಯಮಾನ ಹುಲುಗಮ್ಮನದಲ್ಲ. ಅದಕ್ಕೇ ಕೋಗಳಿಯ ಬಸ್ಸು ಹತ್ತಿ ಕೊಟ್ಟೂರಿನ ಈ ಮಂಟಪಕ್ಕೆ ಬರುತ್ತಾಳೆ.

ಹರಪನಹಳ್ಳಿಯ ಬೀಗರು ಬಂದಿದ್ದಾರೆ. ರೂಮು ನೋಡಿ ಖುಷಿಪಟ್ಟು ಕೆಳಗಿಳಿದು ತಿಂಡಿಗೆ ಕೂತಿದ್ದಾರೆ. ಬಡಿಸುವವರು ಒಬ್ಬರು ಕಡಿಮೆಯಾಗಿದ್ದಾರೆಂದು ಸೋಮಪ್ಪ ಹುಲುಗಮ್ಮನ ಕೈಗೆ ನೀರಿನ ಜಗ್ಗು ಕೊಟ್ಟಿದ್ದಾರೆ. ಪಂಕ್ತಿಯ ನಡುವೆ ಮದುಮಗನ ಸೋದರಮಾವ ಅರುಣಕುಮಾರ್, ಸಿಮೆಂಟ್ ಅಂಗಡಿಯ ಮಾಲೀಕರು, ಸಿಂಗಾಪುರದ ಹಡಗಿನ ಪ್ರವಾಸದ ವರ್ಣನೆ ನಡೆಸಿದ್ದಾರೆ. ಪಕ್ಕದಲ್ಲಿ ಹೆಂಡತಿ ಪುಷ್ಪಲತಾ. "ಕೊನೇ ದಿನ ಕೌಂಟರಿಗೆ ಹೋಗಿ ಬಾತ್‌ರೂಮ್ ಗಲೀಜಾಗೈತೆ ಅಂತ ಜೋರು ಮಾಡ್ದೆ ನೋಡ್ರಿ. ಮರುಮಾತಿಲ್ದಂಗೆ ಟಿಪ್ಸೆಲ್ಲಾ ತೆಗುದ್ರು. ಅದೇ ದುಡ್ಡಿಗೆ ಇವಳಿಗೊಂದು ವಾಚ್ ಬಂತು!" ಪಂಕ್ತಿಯೆಲ್ಲ ನಗುತ್ತದೆ. ಜಾಣ ಎಂದು ಯಾರೋ ಬೆನ್ನು ತಟ್ಟುತ್ತಾರೆ.

ಹುಲುಗಮ್ಮನ ಕೈಯ ಜಗ್ಗು ಲೋಟದ ಮೇಲೆಯೇ ನಿಲ್ಲುತ್ತದೆ. ದೂರದಿಂದ ಸೋಮಪ್ಪ ಕಣ್ಣು ಬಿಡುತ್ತಾರೆ, ಆಕೆ ನೋಡುವುದಿಲ್ಲ.

"ಅಣ್ಣಾರ, ಬಾತ್‌ರೂಮ್ ಖರೇನಽ ಹೊಲಸಿತ್ತೇನ್ರಿ?"

"ಎಲ್ಲಿ ಹೊಲಸಮ್ಮ! ಕನ್ನಡಿ ಇದ್ದಂಗಿತ್ತು. ಹಂಗನ್ನದಿದ್ರೆ ಅವ್ರು ಬಿಡ್ತಾರಾ?"

"ತೊಳದೋರ ಹೆಸರೇನಿತ್ರಿ?"

ಅರುಣಕುಮಾರ್ ಹೆಂಡತಿಯ ಮುಖ ನೋಡುತ್ತಾರೆ. ಪುಷ್ಪಲತಾ ಇಡ್ಲಿಯ ಮೇಲಿಂದ ಕೈ ತೆಗೆದು ನೆನಪು ಮಾಡಿಕೊಳ್ಳುತ್ತಾರೆ. "ಏನೋ ಇತ್ತು... ಒಳ್ಳೇ ಹುಡುಗ ಪಾಪ. ನಂಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟಿದ್ದ." ದಿನಾ ತಮ್ಮ ಹಾಸಿಗೆ ಹಾಸಿದವನ, ಜ್ವರದಲ್ಲಿ ಗಂಜಿ ಕೊಟ್ಟವನ ಹೆಸರು ಇಬ್ಬರಿಗೂ ಗೊತ್ತಿಲ್ಲ. ಅವನ ದುಡ್ಡಿನ ವಾಚು ಮಾತ್ರ ಕೈಯಲ್ಲಿದೆ.

"ನೀವು ಅಂದಿದ್ದು ಅವನ ಹೆಸರಿಗೆ ಹತ್ತೇತ್ರಿ," ಎನ್ನುತ್ತಾಳೆ ಹುಲುಗಮ್ಮ. ದನಿ ಏರುವುದಿಲ್ಲ. "ನಾನೂ ಹಡಗಿನಾಗ ಅದಽ ಕೆಲಸ ಮಾಡ್ದಾಕಿ. ನನಗೂ ಹಿಂಗಽ ಯಾರೋ ಅಂದ್ರು. ಮತ್ತ ಕರದಿಲ್ಲ ನನ್ನ. ಅದಕ್ಕಽ ಇಲ್ಲಿ ನಿಮಗ ನೀರು ಹಾಕಾಕತ್ತೀನಿ."

ಅರುಣಕುಮಾರ್ ಅಂಗಿಯ ಜೇಬಿನಿಂದ ಐನೂರರ ನೋಟು ತೆಗೆದು ಎಲ್ಲರಿಗೂ ಕಾಣುವ ಹಾಗೆ ಚಾಚುತ್ತಾರೆ. "ಆಯ್ತು ತಗಾ, ನಿನಗೆ ಖುಷಿ. ಸಮಾಧಾನ ಆಯ್ತಾ?"

"ಮ್ಯಾಲಿನ ರೂಮು ತೊಳದಿದ್ದಕ್ಕ ಅಂದ್ರ ಕೊಡ್ರಿ, ತಗಂತೀನಿ. ಅವನ ಲೆಕ್ಕಕ್ಕ ಅಂದ್ರ ಬ್ಯಾಡ. ಫೋನಿನಾಗ ಆ ಕಂಪ್ನಿಗೆ ಒಂದು ಸಾಲು ಬರೀರಿ ಸಾಕು. ಬಾತ್‌ರೂಮ್ ಸ್ವಚ್ಛ ಇತ್ತು ಅಂತ."

ನೋಟು ಜೇಬಿಗೆ ವಾಪಸು ಹೋಗುತ್ತದೆ. ನೋಡೋಣ ಬಿಡಮ್ಮ ಎಂದು ಅವರು ಕೈ ತೊಳೆಯಲು ಏಳುತ್ತಾರೆ. ಸಾಲು ಬರೆಯಲು ಒಂದು ನಿಮಿಷ ಬೇಕು. ತಾಳಿ ಕಟ್ಟುವಾಗ ಅದೇ ಫೋನಿನಲ್ಲಿ ಅವರು ತೆಗೆದುಕೊಂಡ ಫೋಟೊಗಳಿಗೆ ಲೆಕ್ಕವಿಲ್ಲ, ಆದರೆ ಆ ಒಂದು ನಿಮಿಷ ಸಿಗಲೇ ಇಲ್ಲ. ಜನ ಹೊರಟ ಮೇಲೆ ಸೋಮಪ್ಪ ಅಡುಗೆಮನೆಯ ಹಿಂದೆ ಹುಲುಗಮ್ಮನನ್ನು ಕರೆದು, "ಬೀಗರ ಮುಂದ ಇನ್ನೊಂದ್ಸಲ ಬಾಯಿ ತಗದ್ರ ನಾಳಿಂದ ಬರಬ್ಯಾಡ" ಎನ್ನುತ್ತಾರೆ. ಬಯ್ದದ್ದು ಯಾರಿಗೆ ನೋಡಿ. ಕದ್ದವನಿಗಲ್ಲ, ಕೇಳಿದವಳಿಗೆ.

ಇಷ್ಟೆಲ್ಲ ಆದ ಮೇಲೂ ಹುಲುಗಮ್ಮ ಮಹಡಿ ಹತ್ತುತ್ತಾಳೆ, ನಾಳೆ ಇನ್ನೊಂದು ಮದುವೆ ಇದೆ. ಕಂಪನಿ ಕರೆಯದಿದ್ದರೆ ಏನು ಮಾಡುತ್ತೀ ಎಂದರೆ, ಬೇರೆ ಕಂಪನಿಗೆ ಹಾಕುತ್ತೇನೆ, ಆದರೆ ಅವರೂ ಹಳೆಯ ಕಂಪನಿಯನ್ನೇ ಕೇಳುತ್ತಾರೆ ಎನ್ನುತ್ತಾಳೆ. ಆ ಮೂರು ರೂಮಿನವರು ಎದುರಿಗೆ ಬಂದರೆ ಏನು ಕೇಳುತ್ತೀ ಎಂದರೆ, ಕಸಬರಿಗೆಯನ್ನು ಬಚ್ಚಲಿನ ಬಾಗಿಲಿಗೆ ಒರಗಿಸಿ ಇತ್ತ ತಿರುಗುತ್ತಾಳೆ.

"ದುಡ್ಡು ಕೇಳಂಗಿಲ್ರಿ. ಕೊಡಾಕ ಮನಸ್ಸಿಲ್ಲಂದ್ರ ಇಲ್ಲ ಅನ್ಲಿ, ಅದೇನು ತಪ್ಪಲ್ಲ. ಅಂದ ಮಾತೊಂದು ವಾಪಸ್ ತಗಳ್ಳಿ. ನಾ ತೊಳದ ರೂಮು ಹೊಲಸು ಇರಂಗಿಲ್ಲ."