ಅಣ್ಣು ಸುವರ್ಣರ ಗಾಡಿಗೆ ಹೊಸ ಇಂಜಿನ್

ಅಣ್ಣು ಸುವರ್ಣರಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದರೆ ಅವರನ್ನು ಬೈದ ಹಾಗೆ ಆಗುವುದಿಲ್ಲ. ಅವರೇ ಅದನ್ನು ಎದೆ ತಟ್ಟಿ ಹೇಳಿಕೊಳ್ಳುತ್ತಾರೆ. ಹಾಲಿನವನು ಬಂದರೆ ಬೆರಳು ಅದ್ದಿ ನೋಡುವುದು, ಲಿಫ್ಟ್ ರಿಪೇರಿಯವನು ಬಂದರೆ ಅವನ ಹಿಂದೆಯೇ ಏದುಸಿರು ಬಿಡುತ್ತ ಏಳು ಮಾಳಿಗೆ ಹತ್ತುವುದು, ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದು ಹೆಂಡತಿ ಶೀಲಾವತಿ ಹೇಳಿದರೂ ಚಮಚ ತಿರುಗಿಸಿ ತಳ ನೋಡುವುದು, ಇದೆಲ್ಲ ಆಂಟಾಪ್ ಹಿಲ್‌ನ ಆ ಬಿಲ್ಡಿಂಗ್‌ನಲ್ಲಿ ಎಲ್ಲರಿಗೂ ಗೊತ್ತು. ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಪಕ್ಕ ಅರ್ಧ ಗಂಟೆ ಕೂತರೆ, ನಾವೇ ಏನೋ ಕದ್ದುಕೊಂಡು ಬಂದಿದ್ದೇವೇನೋ ಎಂಬ ಸಂಶಯ ನಮಗೂ ಬರಲು ಶುರುವಾಗುತ್ತದೆ.

ಈ ಬುದ್ಧಿ ಅವರಿಗೆ ಕೇಟರಿಂಗ್‌ನಿಂದ ಬಂದದ್ದು. ಕಾಪುವಿನ ಹತ್ತಿರದ ಊರಿನಿಂದ ಬಂದು, ಸಯನ್‌ನ ಹೋಟೆಲೊಂದರಲ್ಲಿ ಪಾತ್ರೆ ತೊಳೆದು, ಅಡುಗೆಯವರ ಕೈಕೆಳಗೆ ಪಳಗಿ, ಕೊನೆಗೆ ಮದುವೆ ಊಟದ ಕಂಟ್ರಾಕ್ಟು ಹಿಡಿದವರು ಅವರು. ಉಂಡ ನೆಂಟರು ಎಲೆ ಅಡಿಕೆ ಮೆಲ್ಲುತ್ತಿರುವಾಗ ಸುವರ್ಣರು ಹಾಲ್‌ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚಮಚ ಎಣಿಸುತ್ತಿದ್ದರು. ಎರಡು ಕಡಿಮೆ ಬಂದರೆ ಕಟ್ಟಿದ ಗೋಣಿಗಳನ್ನೆಲ್ಲ ಮತ್ತೆ ಬಿಚ್ಚಿಸುತ್ತಿದ್ದರು. ಹಂಡೆ, ಸೌಟು, ನೀರಿನ ಜಗ್ಗು, ಯಾವುದನ್ನೇ ಎತ್ತಿ ನೋಡಿ, 'ಅಣ್ಣು ಸುವರ್ಣ' ಎಂದು ಕನ್ನಡದಲ್ಲಿ ಕೊರೆದಿರುತ್ತಿತ್ತು. ಮುಚ್ಚಿಹೋದ ಹೋಟೆಲಿನ ಹಳೆಯ ಪಾತ್ರೆ ಕೊಂಡರೆ ಅದರ ಮೇಲಿದ್ದ ಯಜಮಾನನ ಹೆಸರನ್ನು ಉಜ್ಜಿಸಿ, ಅದರ ಮೇಲೆಯೇ ತಮ್ಮ ಹೆಸರು ಹಾಕಿಸುತ್ತಿದ್ದರು.

ಆ ಪಾತ್ರೆಗಳನ್ನು ಹೊತ್ತದ್ದು ಎಪ್ಪತ್ತೊಂಬತ್ತನೆಯ ಇಸವಿಯ ಜೀಪ್ ಪಿಕಪ್. ದುಂಡು ದೀಪ, ಮುಂದಕ್ಕೆ ಚಾಚಿದ ಮೂತಿ, ಹಿಂದೆ ಮರದ ಹಲಗೆಯ ತೊಟ್ಟಿ. ಈಗ ಫ್ಲ್ಯಾಟು ಶೀಲಾವತಿಯ ಹೆಸರಿನಲ್ಲಿದೆ, ಕೇಟರಿಂಗ್ ಮಗ ಸುಕೇಶನ ಹೆಸರಿನಲ್ಲಿದೆ. ಸುವರ್ಣರ ಹೆಸರು ಉಳಿದದ್ದು ಈ ಗಾಡಿಯ ಆರ್‌ಸಿ ಪುಸ್ತಕದಲ್ಲಿ ಮಾತ್ರ. ಇಂಜಿನ್ ಕೆಟ್ಟು ಒಂಬತ್ತು ವರ್ಷವಾಗಿ, ಅದು ಕಂಪೌಂಡಿನ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿತ್ತು. ಬೇಸಗೆಯ ಮೊದಲಿಗೆ ಸೊಸೈಟಿ ಕಮಿಟಿ ನೋಟೀಸು ಕೊಟ್ಟಿತು: ಎರಡು ತಿಂಗಳೊಳಗೆ ಕಾಗದಪತ್ರ ಸರಿಯಿರುವ, ಓಡುವ ಗಾಡಿಯಾಗಬೇಕು, ಇಲ್ಲದಿದ್ದರೆ ಗುಜರಿಗೆ.

"ಗುಜರಿಗೆ ಹಾಕಿ ಪಪ್ಪಾ, ಕಿತ್ನಾ ಟೆನ್ಶನ್," ಎಂದ ಸುಕೇಶ. ಸುವರ್ಣರು ಅಂದು ಊಟ ಮಾಡಲಿಲ್ಲ. ಆ ಗಾಡಿ ಹೋದರೆ ತಾನು ಈ ಊರಿಗೆ ಬಂದದ್ದಕ್ಕೆ ಏನೂ ಗುರುತು ಉಳಿಯುವುದಿಲ್ಲ ಎಂದು ಅವರಿಗೆ ನಿಜವಾಗಿಯೂ ಅನಿಸಿತ್ತು. ಅಪ್ಪನ ಮುಖ ನೋಡಲಾಗದೆ ಸುಕೇಶನೇ ಮಾರನೆಯ ದಿನ ತನ್ನ ಟೆಂಪೋಗಳನ್ನು ರಿಪೇರಿ ಮಾಡುವ ಮಿಸ್ತ್ರಿ ಗೌಸನನ್ನು ಕಳಿಸಿದ. ಹಳೆ ಇಂಜಿನ್‌ಗೆ ಸಾಮಾನು ಸಿಗುವುದಿಲ್ಲ, ಹೊಸ ಕಾಲದ ಇಂಜಿನ್ ಕೂರಿಸಿ ಆರ್‌ಟಿಒದಲ್ಲಿ ಪಾಸ್ ಮಾಡಿಸೋಣ ಎಂದು ತೀರ್ಮಾನವಾಯಿತು. ಅರ್ಜಿ ಹಾಕಿ ಅನುಮತಿಯೂ ಬಂತು.

ಅಷ್ಟರಲ್ಲಿ ಸುವರ್ಣರ ತಲೆಯಲ್ಲಿ ಹುಳ ಹೊಕ್ಕಾಗಿತ್ತು. ಮಗನಿಗೆ ಗಾಡಿ ಹೋಗಲಿ ಎಂದಿದೆ. ಅವನೇ ಕಳಿಸಿದ ಮಿಸ್ತ್ರಿ ಗಾಡಿ ಉಳಿಸುತ್ತಾನಾ? ಗೌಸ ಸಿಂದಗಿ ಕಡೆಯವನು, ಐವತ್ತು ದಾಟಿದವನು, ವಡಾಲದಲ್ಲಿ ಸಣ್ಣ ಗ್ಯಾರೇಜು. ಮಾತು ಕಡಿಮೆ. ಮಾತು ಕಡಿಮೆಯಿರುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂಬುದು ಸುವರ್ಣರ ಸಿದ್ಧಾಂತ. ಮಾತು ಜಾಸ್ತಿಯಿದ್ದಿದ್ದರೆ ಅದಕ್ಕೂ ಅವರ ಹತ್ತಿರ ಸಿದ್ಧಾಂತ ಇತ್ತು ಬಿಡಿ. ಗೌಸ ಎಂಬ ಹೆಸರು ಕೇಳಿದ ಮೇಲೆ ಅವರ ಅನುಮಾನ ಇನ್ನೂ ಒಂದು ಬೆರಳು ಬೆಳೆಯಿತು. ಅದನ್ನು ಮುಚ್ಚಿಟ್ಟು ನನಗೇನು ಆಗಬೇಕಾಗಿದೆ?

ಗೌಸ ಕಬ್ಬಿಣದ ಪೈಪುಗಳ ಮೂರುಕಾಲು ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ ಹಳೆ ಇಂಜಿನ್ ಮೇಲೆತ್ತಿದ. ಸುವರ್ಣರು ಪ್ಲಾಸ್ಟಿಕ್ ಕುರ್ಚಿ ತಂದು ಎದುರಿಗೇ ಕೂತರು. ಇಂಜಿನ್ ನೆಲ ಮುಟ್ಟಿದ್ದೇ ತಡ, ಅದನ್ನು ಮೆಟ್ಟಿಲ ಕೆಳಗೆ ದೂಡಿಸಿ ಸೈಕಲ್ ಚೈನು ಸುತ್ತಿ ಬೀಗ ಹಾಕಿದರು. ಮೂರು ಜನ ಸೇರಿ ಎತ್ತಲಾಗದ ಕಬ್ಬಿಣಕ್ಕೆ ಸೈಕಲ್ ಬೀಗ. ಗೌಸ ಒಮ್ಮೆ ನೋಡಿ ಕೈ ಒರೆಸಿಕೊಂಡ.

ವಾರದ ಮೇಲೆ ಹೊಸ ಇಂಜಿನ್ ಬಂತು. ಅಪಘಾತವಾದ ಸಣ್ಣ ಟ್ರಕ್ಕಿನದು, ಬಿಲ್ಲು ಸಮೇತ. ಗೌಸ ಅದನ್ನು ಟೆಂಪೋದಿಂದ ಇಳಿಸಿ, ಸುತ್ತ ತಿರುಗಿ ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆದ. ಯಾರಿಗೆ ಕಳಿಸುತ್ತಿದ್ದಾನೆ ಎಂದು ಸುವರ್ಣರು ಕತ್ತು ಉದ್ದ ಮಾಡಿದರು. ಇಂಜಿನ್ ಜೊತೆ ಒಂದು ಮುಚ್ಚಿದ ಪೆಟ್ಟಿಗೆಯೂ ಇತ್ತು.

"ಇದು ಎಂತದು?"

"ಇಂಜಿನ್ನಿನ ಕಂಪ್ಯೂಟರ್ ಐತ್ರಿ ಸೇಠ್. ಎಷ್ಟ್ ಡೀಸೆಲ್ ಬಿಡಬೇಕು ಅಂತ ಇದs ಹೇಳ್ತೈತಿ."

"ಬಿಚ್ಚಿ ತೋರಿಸು."

"ಬಿಚ್ಚಿದ್ರ ಕೆಡ್ತೈತ್ರಿ."

"ಬಿಚ್ಚಿ ತೋರಿಸಲಿಕ್ಕೆ ಆಗದ್ದು ನನ್ನ ಗಾಡಿಯಲ್ಲಿ ಯಾಕೆ ಬೇಕು ಮಾರಾಯಾ?"

ಗೌಸ ನಕ್ಕ. ಆ ನಗು ಸುವರ್ಣರಿಗೆ ಹಿಡಿಸಲಿಲ್ಲ. ಮನೆಗೆ ಹೋಗಿ ಹೆಂಡತಿಗೆ, "ಅವ ನಕ್ಕದ್ದು ನೋಡಬೇಕಿತ್ತು ನೀನು. ಒಳಗೆ ಏನೂ ಇಲ್ಲ, ಖಾಲಿ ಡಬ್ಬ," ಎಂದರು.

"ನಿಮಗೆ ಬೇರೆ ಕೆಲಸ ಇಲ್ಲ," ಎಂದರು ಶೀಲಾವತಿ. "ಆ ಮನುಷ್ಯ ಬಿಸಿಲಲ್ಲಿ ಬೇಯ್ತಾ ಇದ್ದಾನೆ. ಒಂದು ಲೋಟ ಮಜ್ಜಿಗೆ ಆದರೂ ಕೊಟ್ಟಿದ್ದೀರಾ?"

ಕೊಟ್ಟಿರಲಿಲ್ಲ. ಮಜ್ಜಿಗೆಯನ್ನು ಶೀಲಾವತಿಯೇ ಕೊಟ್ಟರು. ಗೌಸ ಲೋಟವನ್ನು ತೊಳೆದು ಮರಳಿಸಿದ. ಆ ಗುರುವಾರ ಸುವರ್ಣರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ, ಗೌಸ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಹೂಂ, ಇಲ್ಲಿದ್ ಮಾಲ್ ಬದ್ಲಿ ಮಾಡಿ ಕಳಸ್ತೀನಿ. ನಾಳಿ." ಅಳತೆ ತಪ್ಪಿ ಬಂದ ಕ್ಲಚ್ ಪ್ಲೇಟನ್ನು ಅಂಗಡಿಗೆ ಮರಳಿಸುವ ಮಾತು ಅದು, ಕೇಳಿದ್ದರೆ ಅವನೇ ಹೇಳುತ್ತಿದ್ದ. ಸುವರ್ಣರು ಕೇಳುವವರಲ್ಲ, ಕದ್ದು ಕೇಳಿಸಿಕೊಳ್ಳುವವರು. ಅವರು ಅರ್ಥಮಾಡಿಕೊಂಡದ್ದೇ ಬೇರೆ. ಒಳ್ಳೆಯ ಇಂಜಿನ್ ಒಯ್ದು ಕೆಟ್ಟದ್ದನ್ನು ಕೂರಿಸುತ್ತಾನೆ, ತನಗೆ ಗುರುತು ಹಿಡಿಯಲೂ ಬರುವುದಿಲ್ಲ. ಇಡೀ ರಾತ್ರಿ ಹೊರಳಾಡಿದರು.

ಮಾರನೆಯ ದಿನ ಶುಕ್ರವಾರ. ಮಧ್ಯಾಹ್ನ ಗೌಸ ಕೈ ತೊಳೆದು, ಅಂಗಿ ಬದಲಿಸಿ ನಮಾಜಿಗೆ ಹೋದ. ಅವನು ಗೇಟು ದಾಟಿದ ಕೂಡಲೇ ಸುವರ್ಣರು ಕಾಂತಪ್ಪನಿಗೆ ಫೋನು ಮಾಡಿದರು. ಕಾಂತಪ್ಪ ಸಯನ್‌ನ ಪಾತ್ರೆ ಅಂಗಡಿಯ ಮುಂದೆ ಕೂತು ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕುವವನು, ಅವರ ಮೂವತ್ತು ವರ್ಷದ ಪರಿಚಯ. ಅವನು ಟ್ಯಾಕ್ಸಿಯಲ್ಲಿ ಬಂದು, ವಾಚ್‌ಮನ್ ಕೋಣೆಯಿಂದ ವಯರು ಎಳೆದು ಕೈಯ ಮಿಶನ್ ಹಚ್ಚಿದ.

"ಎಲ್ಲಿಗೆ ಹಾಕ್ಲಿ ಅಣ್ಣೇರೇ? ಇದೆಲ್ಲ ಒರಟು ಕಬ್ಬಿಣ, ಅಕ್ಷರ ಕೂರುವುದಿಲ್ಲ."

ಹುಡುಕಿದಾಗ ಇಂಜಿನ್ನಿನ ಪಕ್ಕದಲ್ಲಿ ಗ್ರೀಸು ಮೆತ್ತಿದ, ಮೂರು ಬೆರಳು ಅಗಲದ ನುಣುಪಾದ ಜಾಗ ಸಿಕ್ಕಿತು. ಕಾಂತಪ್ಪ ಒರೆಸಿ ನೋಡಿ, "ಇಲ್ಲಿ ಮೊದಲೇ ಏನೋ ಹೊಡೆದದ್ದುಂಟಲ್ಲ," ಎಂದ.

"ಕಂಪನಿಯವರದ್ದು ಇರಬೇಕು. ಹಳೆ ಹಂಡೆಗೆ ನಾವು ಎಂತ ಮಾಡ್ತೇವೆ? ಉಜ್ಜಿ ಮೇಲೆಯೇ ಹಾಕು. ಬೇಗ."

ಹಳೆಯ ಇಂಜಿನ್ನಿನ ನಂಬರು ಒಂದು ತಗಡಿನ ಮೇಲಿತ್ತು. ಸುವರ್ಣರ ಲೆಕ್ಕದಲ್ಲಿ ನಂಬರು ಎಂದರೆ ತಗಡು. ಕಾಂತಪ್ಪ ಪಾಲಿಶ್ ಕಾಗದದಿಂದ ಉಜ್ಜಿದ, ಕರ್‍ರ್ ಎಂದು ಕೊರೆದ. ಶೀಲಾವತಿ ಎರಡನೆಯ ಮಾಳಿಗೆಯ ಕಿಟಕಿಯಿಂದ, "ಎಂತ ಮಾಡ್ತಾ ಇದ್ದೀರಿ ಅಲ್ಲಿ?" ಎಂದು ಕೂಗಿದ್ದಕ್ಕೆ ಸುವರ್ಣರು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ಆ ಜಾಗಕ್ಕೆ ಮತ್ತೆ ಗ್ರೀಸು ಮೆತ್ತಿದರು. ಎಷ್ಟೋ ದಿನದ ಮೇಲೆ ಅಂದು ಅವರಿಗೆ ಮಧ್ಯಾಹ್ನ ಗಾಢ ನಿದ್ದೆ ಬಂತು.

ಇಂಜಿನ್ ಕೂತಿತು. ಪೆಟ್ಟಿಗೆಗೆ ವಯರು ಸೇರಿತು, ಹೊಸ ಸೈಲೆನ್ಸರ್ ಕೊಳವೆಯ ಹಿಂದೆ ಆ ನುಣುಪು ಜಾಗ ಮರೆಯಾಯಿತು. ಗೌಸ ಕೀಲಿ ತಿರುಗಿಸಿದಾಗ ಒಂಬತ್ತು ವರ್ಷ ಸತ್ತಂತಿದ್ದ ಗಾಡಿ ಮೆಲ್ಲನೆ ಗುರುಗುಟ್ಟಿ ಎದ್ದಿತು. ಸುವರ್ಣರ ಕಣ್ಣು ತುಂಬಿತು. ಒಳ್ಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊರಬಂದದ್ದು, "ಇದು ಎಷ್ಟು ದಿನ ಬರ್ತದೆ ನೋಡುವ," ಎಂಬ ಮಾತು.

ನೋಟೀಸಿನ ಗಡುವಿಗೆ ಎಂಟು ದಿನ ಇರುವಾಗ ಮಂಗಳವಾರ ಬೆಳಿಗ್ಗೆ ಆರ್‌ಟಿಒ ಮೈದಾನದಲ್ಲಿ ತಪಾಸಣೆ. ಗೌಸ ಗಾಡಿ ನಡೆಸಿದ, ಸುವರ್ಣರು ಇಸ್ತ್ರಿ ಅಂಗಿ ಹಾಕಿ ಪಕ್ಕದಲ್ಲಿ ಕೂತರು. ಇನ್‌ಸ್ಪೆಕ್ಟರ್ ಸಾವಧಾನದ ಮನುಷ್ಯ. ದೀಪ ನೋಡಿದರು, ಬ್ರೇಕು ನೋಡಿದರು, ಹಳೆ ಗಾಡಿಯನ್ನು ಚೆನ್ನಾಗಿ ಇಟ್ಟಿದ್ದೀರಿ ಎಂದು ಮರಾಠಿಯಲ್ಲಿ ಹೊಗಳಿದರು. ಕೊನೆಗೆ ಬಾನೆಟ್ ಎತ್ತಿಸಿ, ಟಾರ್ಚು ಬಿಟ್ಟು, ಕೊಳವೆಯ ಹಿಂದೆ ಬಟ್ಟೆಯಿಂದ ಒರೆಸಿ ಬಗ್ಗಿದವರು ಹಾಗೆಯೇ ನಿಂತರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

ಇಂಜಿನ್ ನಂಬರನ್ನು ಯಾರೋ ಕೆಡಿಸಿದ್ದಾರೆ, ಕೊನೆಯ ನಾಲ್ಕು ಅಂಕಿ ಓದಲು ಬರುವುದಿಲ್ಲ, ಕದ್ದ ಇಂಜಿನ್‌ಗಳಲ್ಲೇ ಹೀಗಿರುವುದು ಎಂದರು. ಪೊಲೀಸಿಗೆ ಬರೆಯಬೇಕಾಗುತ್ತದೆ. ಯಾರು ಕೂರಿಸಿದ್ದು?

ಸುವರ್ಣರಿಗೆ ಹೆದರಿಕೆಗಿಂತ ಮೊದಲು ಬಂದದ್ದು, ನಾಚಿಕೆಯ ಮಾತು ಇದು, ಒಂದು ಬಗೆಯ ಸಂತೋಷ. ತಾನು ಮೊದಲ ದಿನವೇ ಹೇಳಿರಲಿಲ್ಲವೇ. ಅವರು ಗೌಸನ ಕಡೆಗೆ ಕೈ ತೋರಿಸಿ ಮೈದಾನದಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಇವನೇ ಸಾಹೇಬ್. ತಂದವನೂ ಇವನೇ, ಕೂರಿಸಿದವನೂ ಇವನೇ. ನನಗೆ ಮೊದಲಿನಿಂದ ಇವನ ಮೇಲೆ ಸಂಶಯ ಇತ್ತು," ಎಂದರು.

ಸಾಲಿನಲ್ಲಿದ್ದ ಡ್ರೈವರುಗಳು ತಿರುಗಿ ನೋಡಿದರು. ಕಳ್ಳ ಇಂಜಿನ್ ಎಂಬ ಮಾತು ಒಮ್ಮೆ ಅಂಟಿದರೆ ವಡಾಲದಲ್ಲಿ ಗೌಸನ ಗ್ಯಾರೇಜಿಗೆ ಒಂದು ಸ್ಕೂಟರೂ ಬರುವುದಿಲ್ಲ. ಪೊಲೀಸರು ಮೊದಲು ಯಾರನ್ನು ಕೂರಿಸಿಕೊಳ್ಳುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

"ನಂಬರಿನ ಮೇಲೆ ಏನೋ ಅಕ್ಷರ ಇವೆ," ಎಂದರು ಇನ್‌ಸ್ಪೆಕ್ಟರ್. "ತೆಲುಗೋ ಏನೋ. ಯಾರಿಗಾದರೂ ಓದಲು ಬರುತ್ತದಾ?"

ಗೌಸ ಟಾರ್ಚು ಇಸಿದುಕೊಂಡು ಬಗ್ಗಿದ. ಸಿಂದಗಿಯಲ್ಲಿ ಏಳನೆಯವರೆಗೆ ಕನ್ನಡ ಶಾಲೆ ಕಲಿತವನು. ಬಗ್ಗಿದವನು ತುಸು ಹೊತ್ತು ಏಳಲಿಲ್ಲ. ಆಮೇಲೆ ಟಾರ್ಚನ್ನು ಸುವರ್ಣರ ಕಡೆಗೆ ಚಾಚಿದ.

"ನೀವs ಓದ್ರಿ ಸೇಠ್."

ಸುವರ್ಣರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆಳಕಿನಲ್ಲಿ ಕಾಂತಪ್ಪನ ದುಂಡು ಕೈಬರಹ ಚೊಕ್ಕವಾಗಿ ಕಾಣುತ್ತಿತ್ತು.

ಸುವರ್ಣರು ಏಳದೆ, ಬಾನೆಟ್ಟಿನ ಅಂಚು ಹಿಡಿದುಕೊಂಡೇ ನಿಂತರು. ಏನು ಬರೆದಿದೆ ಎಂದು ಇನ್‌ಸ್ಪೆಕ್ಟರ್ ಮತ್ತೆ ಕೇಳಿದರು. ಅಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಯಾವುದೋ ಕಂಪನಿಯ ಹೆಸರು ಎಂದರೆ ಮುಗಿಯಿತು, ಹೊರೆ ಗೌಸನ ತಲೆಯ ಮೇಲೆಯೇ ಉಳಿಯುತ್ತದೆ. ನಿಜ ಹೇಳಿದರೆ ನಂಬರು ಕೆಡಿಸಿದ ಮಾಲೀಕನ ಗಾಡಿಯನ್ನು ಯಾರು ಪಾಸ್ ಮಾಡುತ್ತಾರೆ? ಗೌಸ ನೆಲ ನೋಡುತ್ತ ನಿಂತಿದ್ದ.

"ಅಣ್ಣು ಸುವರ್ಣ," ಎಂದರು ಸುವರ್ಣರು ಕೊನೆಗೆ. "ಮಾಝಂಚ್ ನಾವ್ ಆಹೇ ಸಾಹೇಬ್. ನನ್ನದೇ ಹೆಸರು. ನಾನೇ ಹಾಕಿಸಿದ್ದು. ಇವನಿಗೆ ಗೊತ್ತಿರಲಿಲ್ಲ."

ಇನ್‌ಸ್ಪೆಕ್ಟರ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಆಗ ಗೌಸ ಮೊಬೈಲು ತೆಗೆದು, ಇಂಜಿನ್ ಬಂದ ದಿನದ ಫೋಟೋ ತೋರಿಸಿದ. ತಾರೀಕು ಇತ್ತು, ನಂಬರಿನ ಒಂದೊಂದು ಅಂಕಿಯೂ ಸ್ವಚ್ಛವಾಗಿತ್ತು, ಬಿಲ್ಲಿನೊಂದಿಗೆ ತಾಳೆಯೂ ಆಯಿತು. ಗಿರಾಕಿಗಳು ಆಮೇಲೆ ಏನಾದರೂ ಅಂದಾರು ಎಂದು ಪ್ರತಿಯೊಂದು ಇಂಜಿನ್‌ಗೂ ತಾನು ಹೀಗೆ ತೆಗೆದಿಟ್ಟುಕೊಳ್ಳುತ್ತೇನೆ ಎಂದ. ಇನ್‌ಸ್ಪೆಕ್ಟರ್ ಬಹಳ ಹೊತ್ತು ಸುವರ್ಣರನ್ನು ಬೈದರು. ಬೈದು ಮುಗಿಸಿ, ಗಾಡಿ ಇಲ್ಲೇ ನಿಲ್ಲಲಿ, ಫೋಟೋದ ಪ್ರತಿ, ಬಿಲ್ಲು, ನಿಮ್ಮ ಅಫಿಡವಿಟ್ಟು ಶುಕ್ರವಾರದೊಳಗೆ ತನ್ನಿ, ಮೇಲಿನವರು ಒಪ್ಪಿದರೆ ನಂಬರು ಮತ್ತೆ ಹೊಡೆಸಿ ಪಾಸ್ ಮಾಡಬಹುದು ಎಂದರು.

ಗಾಡಿ ಉಳಿಯುವ ದಾರಿ ಕಂಡಿತು. ಆದರೂ ಸುವರ್ಣರಿಗೆ ಸಂತೋಷವಾಗಲಿಲ್ಲ. ಗೇಟಿನ ಹೊರಗೆ ಗೌಸ ಮರದ ನೆರಳಲ್ಲಿ ನಿಂತು ಫೋಟೋಗಳನ್ನು ಅವರ ವಾಟ್ಸ್ಯಾಪಿಗೆ ಕಳಿಸಿದ.

"ಬಂದಾವೇನ್ ನೋಡ್ರಿ."

"ಬಂತು," ಎಂದರು ಸುವರ್ಣರು. "ಗೌಸ, ನನ್ನಿಂದ ತಪ್ಪಾಯ್ತು ಮಾರಾಯಾ. ಅಷ್ಟು ಜನರ ಎದುರು ಹಾಗೆ ಹೇಳಬಾರದಿತ್ತು. ನೀನು ಮನೆಗೆ ಬಾ, ಊಟ ಮಾಡಿಕೊಂಡು ಹೋಗುವಿಯಂತೆ."

"ಇಲ್ರಿ, ನಾ ಇಲ್ಲಿಂದs ಹೋಗ್ತೀನಿ. ಮುಂದಿನ ಕೆಲಸ ಬ್ಯಾರೆ ಮಿಸ್ತ್ರಿ ಕಡೆ ಮಾಡಿಸ್ಕೋರಿ."

ಗೌಸ ಹೆಗಲ ಮೇಲಿನ ಪಾನಾ ಸುತ್ತಿಗೆಗಳ ಚೀಲವನ್ನು ಕೆಳಗಿಟ್ಟ. ಬಗ್ಗಿ ಅದರ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದ. ಸಿಟ್ಟಿರಲಿಲ್ಲ, ದನಿ ಎತ್ತರಿಸಲೂ ಇಲ್ಲ.

"ನೋಡ್ಕೋರಿ ಸೇಠ್. ನಿಮ್ಮದೇನರ ಇದ್ರ ತಗೋರಿ. ನಾ ಹೋದ್ಮ್ಯಾಲ ನೆನಪಾಗೂದು ಬ್ಯಾಡ."

ಛೆ, ಮುಚ್ಚು ಅದನ್ನು ಎಂದು ಹೇಳಲು ಸುವರ್ಣರು ಬಾಯಿ ತೆರೆದರು. ಮಾತು ಹೊರಡುವಷ್ಟರಲ್ಲಿ ಅವರ ಕಣ್ಣು ಚೀಲದೊಳಗೆ ಇಳಿದು, ಪಾನಾಗಳನ್ನು ಸರಿಸಿ ತಳದವರೆಗೆ ನೋಡಿ ಬಂದಾಗಿತ್ತು. ಗೌಸ ಅದನ್ನು ಕಂಡ. ಚೀಲ ಮುಚ್ಚಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆಗೆ ನಡೆದ.