ಟವೆಲ್ ಕೆಳಗಿನ ಮುಷ್ಟಿ

ಕ್ರಿಕೆಟ್ ಆಡಲು ನನಗೆ ಬರುತ್ತಿರಲಿಲ್ಲ, ಬಡಿದಾಡಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಎಪ್ಪತ್ತರ ದಶಕ. ಗಾಂಧಿ ಚೌಕದ ನಮ್ಮ ಬೆಲ್ಲದ ಅಂಗಡಿಯ ಅಟ್ಟದ ಮೇಲೆ ನಾವು ನಾಲ್ವರು ರೇಡಿಯೋ ಮುಂದೆ ಕೂತು ಆಟಗಾರರನ್ನೇ ಲಿಲಾವು ಹಾಕುತ್ತಿದ್ದೆವು. ಒಬ್ಬೊಬ್ಬನಿಗೂ ನೂರು ಹುಣಸೆಬೀಜ, ಅಷ್ಟರಲ್ಲೇ ಐದು ಜನರನ್ನು ಕೊಳ್ಳಬೇಕು. ಟೆಸ್ಟ್ ಪಂದ್ಯದಲ್ಲಿ ಅವರು ಹೊಡೆದ ರನ್ನು, ಕೆಡವಿದ ವಿಕೆಟ್ಟು ಕೊಂಡವನ ಲೆಕ್ಕಕ್ಕೆ. ಆ ಸಲ ಸೋತವನು ಮೀಸೆ ಬೋಳಿಸಬೇಕೆಂದು ಪಂಥ ಬೇರೆ. ಪಂದ್ಯ ಮುಗಿದ ಮರುದಿನ ನಾನು ಬಬಲೇಶ್ವರಕ್ಕೆ ಹೆಣ್ಣು ನೋಡಲು ಹೋಗುವವನಿದ್ದೆ. ಮೀಸೆಯಿಲ್ಲದೆ ಹೋದರೆ ಮನೆಯಲ್ಲಿ ಯಾರು ಸತ್ತರೆಂದು ಕೇಳುತ್ತಿದ್ದರು.

ನಮ್ಮೊಳಗೊಬ್ಬ ಕಳ್ಳಕವಟಗಿ ಊರಿನವನು, ದನದ ದಲಾಲನ ಮಗ. ಹೀಗಾಗಿ ಲಿಲಾವು ದನದ ಸಂತೆಯ ಪದ್ಧತಿಯಲ್ಲೇ. ಬಾಯಿ ಬಿಡುವಂತಿಲ್ಲ, ಟವೆಲ್ ಕೆಳಗೆ ಅವನ ಬೆರಳು ಹಿಡಿದು ಬೆಲೆ ಹೇಳಬೇಕು. ಒಂದು ಬೆರಳಿಗೆ ಹತ್ತು ಬೀಜ, ಇಡೀ ಕೈಗೆ ಐವತ್ತು. ಕೈ ಬಿಟ್ಟ ಮೇಲೆ ಬದಲಿಸುವ ಮಾತೇ ಇಲ್ಲ.

ನಾನು ಪಕ್ಕಾ ಲೆಕ್ಕ ಹಾಕಿದ್ದೆ. ಐವತ್ತರಲ್ಲಿ ಮೂವರು, ಹತ್ತಕ್ಕೊಬ್ಬ ಮುದಿ ಬೌಲರ್, ಉಳಿದ ನಲವತ್ತೂ ನನ್ನ ಪ್ರಾಣದಂಥ ಆರಂಭದ ಬ್ಯಾಟ್ಸ್‌ಮನ್ನಿಗೆ. ಮೂವರು ಅಂದುಕೊಂಡಂತೆಯೇ ಸಿಕ್ಕರು. ಬೌಲರನ ಹೆಸರಿನ ಚೀಟಿ ಬಂತು. ಒಂದು ಬೆರಳು ಹಿಡಿಯಲು ಟವೆಲ್ ಕೆಳಗೆ ಕೈ ಹಾಕಿದೆ. ಆಗಲೇ ನಾಲ್ವರಲ್ಲೊಬ್ಬನಾದ ನನ್ನ ದೊಡ್ಡಪ್ಪನ ಮಗ ಹಲ್ಲು ಕಿಸಿದ.

"ಮದಿಮಗನ್ನ ನೋಡ್ರಿ! ಇವನ ಬೋಳ ಮಾರಿ ನೋಡಿ ಆಕಿ ಕದಾ ಹಾಕ್ಕೋತಾಳ!"

ಪಿತ್ತ ನೆತ್ತಿಗೇರಿತು. ಮುಷ್ಟಿ ತಾನಾಗಿಯೇ ಬಿಗಿಯಿತು. ದಲಾಲನ ಮಗನ ಇಡೀ ಕೈ ಅದರೊಳಗಿತ್ತು.

"ಐವತ್ತು! ಬಿಡಲೇ, ಎಲುಬು ಮುರೀತೈತಿ!"

"ಒಂದ ಬೆರಳಲೇ! ಹತ್ತು!"

"ಸಂತಿ ಅಂದ್ರ ಸಂತಿ. ಹಿಡದಿ, ಬಿಟ್ಟಿ, ಮುಗೀತು."

ನನ್ನ ಬೀಜ ಖಾಲಿ. ಆ ಬ್ಯಾಟ್ಸ್‌ಮನ್ ಪೈಪೋಟಿಯಿಲ್ಲದೆ ದೊಡ್ಡಪ್ಪನ ಮಗನಿಗೆ ಒಂದೇ ಬೆರಳಿಗೆ ಹೋದ. ಹಾಳಾಗಿ ಹೋಗಲಿ ಎಂದು ಸುಮ್ಮನಿರುವ ಜಾತಿಯಲ್ಲ ನಾನು. ಅವನ ಕೊರಳಪಟ್ಟಿ ಹಿಡಿದು ಬೆಲ್ಲದ ಪೆಂಟೆಗಳ ಮೇಲೆ ಕೆಡವಿದೆ, ಬಾಯಿಗೆ ಗುದ್ದಿದೆ. ಅವನ ಹಲ್ಲು ಮುರಿಯಿತು, ನನ್ನ ಕಣ್ಣು ಬಾತಿತು.

ಪಂದ್ಯ ಬಂತು. ಆ ಬ್ಯಾಟ್ಸ್‌ಮನ್ ದಿನವಿಡೀ ಹೊಡೆದ. ನನ್ನ ಐವತ್ತು ಬೀಜದ ಬೌಲರನನ್ನು ತಂಡಕ್ಕೇ ತೆಗೆದುಕೊಂಡಿರಲಿಲ್ಲ! ಸೋತೆ. ಮೂವರೂ ನನ್ನನ್ನು ಕೆಡವಿ ಮೇಲೆ ಕೂತು ಮೀಸೆಗೆ ಕತ್ತಿ ಇಟ್ಟರು. ಒದ್ದಾಡಿದೆ, ಕಚ್ಚಿದೆ. ಮೀಸೆ ಹೋಯಿತು, ಜೊತೆಗೆ ತುಟಿಯೂ ಸೀಳಿತು.

ಮರುದಿನ ಬಬಲೇಶ್ವರ. "ತುಟಿಗೇನಾತಂದ್ರ ಎತ್ತು ಹಾಯ್ದೈತಿ ಅನ್ನು," ಎಂದು ನಮ್ಮಪ್ಪ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ. ಹುಡುಗಿಯ ತಾಯಿ ಒಂದೇ ಕೈಯಲ್ಲಿ ಅವಲಕ್ಕಿ ತಂದಿಟ್ಟಳು. ಇನ್ನೊಂದು ಕೈಗೆ ಅರಿವೆಯ ಪಟ್ಟಿ ಸುತ್ತಿತ್ತು. ಹುಡುಗಿಯ ತಂದೆ ನನ್ನ ತುಟಿ ನೋಡಿ, "ಯಾರ ಬಡದ್ರೋ ತಮ್ಮಾ?" ಎಂದ.

ಎತ್ತಿನ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. "ಮೂರ ಮಂದಿರಿ. ನಾನೂ ಬಿಟ್ಟಿಲ್ರಿ. ಒಬ್ಬಂದು ಹಲ್ಲ ಮುರದೇನ್ರಿ."

ಅವನು ತೊಡೆ ತಟ್ಟಿದ. "ಭೇಷ್! ಗಂಡಸಂದ್ರ ಹಿಂಗಿರಬೇಕು!"

ಒಳಗಿನಿಂದ ಹುಡುಗಿಯ ದನಿ ಕೇಳಿತು. ಪಿಸುಮಾತೇನಲ್ಲ, ಎಲ್ಲರಿಗೂ ಕೇಳಲೆಂದೇ ಹೇಳಿದಳು. "ಯವ್ವಾ, ನಿನ್ನ ಕೈ ಪಟ್ಟಿ ಇನ್ನೂ ಬಿಚ್ಚಿಲ್ಲ. ಅಪ್ಪನಂಥಾವ ಮತ್ತೊಬ್ಬ ನನಗ ಬ್ಯಾಡ ಬೇ."

ಅವಳ ಅಪ್ಪ ಎದ್ದು ಒಳಗೆ ಹೋದ. ಫಟ್ಟನೆ ಏಟಿನ ಸಪ್ಪಳ, ಬಳೆ ಒಡೆದ ಸಪ್ಪಳ. ಆ ಮನುಷ್ಯನನ್ನು ಅಲ್ಲೇ ಮುಗಿಸಿಬಿಡಬೇಕೆನಿಸಿ ಎದ್ದು ನಿಂತೆ.

ಹುಡುಗಿ ಕೆನ್ನೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಅವಳು ನನ್ನ ಮುಖ ನೋಡಲಿಲ್ಲ, ಹೋದ ಮೀಸೆಯನ್ನೂ ನೋಡಲಿಲ್ಲ. ಬಿಗಿದ ನನ್ನ ಮುಷ್ಟಿಯನ್ನು ನೋಡಿದಳು.

"ಇದು ನಿಮ್ಮಪ್ಪಗ, ನಿನಗಲ್ಲ..." ಎಂದೆ.

ಅವಳು ಕದ ಹಾಕಿಕೊಂಡಳು.